ಅಂಗಳ ನೋಡಿ ನಾಯಿ ತರಬೇಕು

ಬಾಗಲಕೋಟೆ ನವನಗರದ ಬಸ್ ನಿಲ್ದಾಣದಲ್ಲಿ ಮುಂಜಾನೆ ಬಸ್ಸಿಗೆ ಕಾಯುವವರಿಗೆ ಎರಡು ತರಹದ ನಾಯಿಗಳು ಕಾಣಸಿಗುತ್ತವೆ. ಒಂದು, ಅಲ್ಲೇ ಹುಟ್ಟಿ ಅಲ್ಲೇ ಬೆಳೆದದ್ದು. ಯಾವ ಬಸ್ಸು ಎಲ್ಲಿ ಹಿಂದೆ ಸರಿಯುತ್ತದೆ, ಯಾವ ಚಹಾದಂಗಡಿಯವ ಕಲ್ಲು ಬೀಸುತ್ತಾನೆ, ಯಾರು ಬಿಸ್ಕೀಟು ಹಾಕುತ್ತಾರೆ, ಎಲ್ಲ ಅದಕ್ಕೆ ಗೊತ್ತು. ಇನ್ನೊಂದರ ಕೊರಳಲ್ಲಿ ಪಟ್ಟಿ ಕಟ್ಟಿದ ಗುರುತಿರುತ್ತದೆ. ಮೈಮೇಲಿನ ಉದ್ದ ಕೂದಲು ಗಂಟುಗಟ್ಟಿರುತ್ತದೆ. ಯಾರು ಕರೆದರೂ ಅವರ ಬೆನ್ನು ಹತ್ತುತ್ತದೆ. ಬಸ್ಸು ಮೈಮೇಲೆ ಬಂದರೆ ಸರಿಯಲು ತಿಳಿಯುವುದಿಲ್ಲ.

ಅದು ಯಾರದೋ ಮನೆಯ ನಾಯಿ. ದುಡ್ಡು ಕೊಟ್ಟು ತಂದದ್ದು, ಹೆಸರಿಟ್ಟದ್ದು, ಫೋಟೋ ತೆಗೆಸಿಕೊಂಡದ್ದು. ಆಮೇಲೆ ಬೇಡವಾಯಿತು. ರಾತ್ರೋರಾತ್ರಿ ಗಾಡಿಯಲ್ಲಿ ಹಾಕಿಕೊಂಡು ಬಂದು ಬಿಟ್ಟುಹೋದರು. ಇದಕ್ಕೆ ನಾಯಿಯ ಹಣೆಬರಹ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ತಪ್ಪು ನಡೆದದ್ದು ಬಿಟ್ಟ ದಿನ ಮಾತ್ರವಲ್ಲ, ತಂದ ದಿನವೇ. ಆ ದಿನ ಯಜಮಾನರು ಮರಿಯ ಮುಖ ನೋಡಿದರೇ ಹೊರತು ತಮ್ಮ ಮನೆಯ ಅಂಗಳ ನೋಡಲಿಲ್ಲ.

ಸಿನಿಮಾ ನೋಡಿ ತಂದ ನಾಯಿಗಳು

ನಾಯಿಗೂ ಸೀರೆಯ ಹಾಗೆ ಫ್ಯಾಷನ್ ಬಂದು ಬಹಳ ವರ್ಷವಾಯಿತು. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಬಂದಾಗ ಬಿಳಿ ಕೂದಲಿನ ಪುಟ್ಟ ನಾಯಿ ಬೇಕಾಯಿತು. 2003ರಲ್ಲಿ ಹಚ್ ಫೋನಿನ ಜಾಹೀರಾತಿನಲ್ಲಿ ಪಗ್ ನಾಯಿ ಹುಡುಗನ ಹಿಂದೆ ನಡೆಯಿತು, ಊರೂರಲ್ಲಿ ಚಪ್ಪಟೆ ಮೂತಿಯ ಪಗ್ ಬೇಕಾಯಿತು. 2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೀರು ಹಾಕಿದವರಿಗೆ ಲ್ಯಾಬ್ರಡಾರ್ ಬೇಕಾಯಿತು. ತಮಾಷೆಯೆಂದರೆ, ಆ ಚಿತ್ರದ ಚಾರ್ಲಿ ತಪ್ಪಿಸಿಕೊಂಡು ಬಂದದ್ದೇ ನಾಯಿ ಹುಟ್ಟಿಸಿ ಮಾರುವ ನಿರ್ದಯಿಯ ಕೈಯಿಂದ. ಆ ಮಾತು ಟಾಕೀಸಿನಲ್ಲೇ ಉಳಿಯಿತು, ನಾಯಿಯ ಬಣ್ಣ ಮಾತ್ರ ಮನೆಗೆ ಬಂತು.

ಈಗ ಹಸ್ಕಿ ಕಾಲ. ನೀಲಿ ಕಣ್ಣು, ತೋಳದ ಮುಖ. ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲೆಂದೇ ಸಾಕಿಕೊಂಡು ಬಂದ ತಳಿ ಅದು. ಮೈಮೇಲೆ ಎರಡು ಪದರ ಕೂದಲಿದೆ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ತಗಡಿನ ಮನೆಯಲ್ಲಿ ಮನುಷ್ಯನೇ ಅಂಗಿ ಬಿಚ್ಚಿ ಕೂಡುತ್ತಾನೆ. ಕಂಬಳಿ ಹೊದ್ದು ಹುಟ್ಟಿದ ಆ ಪ್ರಾಣಿ ಏನು ಬಿಚ್ಚಬೇಕು? ನಾಯಿಗೆ ಮನುಷ್ಯನ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಮೂತಿ ಚಪ್ಪಟೆಯಾದ ಪಗ್‌ಗೆ ಆ ಉಸಿರೂ ಸರಿಯಾಗಿ ಆಡುವುದಿಲ್ಲ. ಹಾಗಾಗಿ ನಾಯಿ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಈ ತಳಿ ಈ ಬಿಸಿಲಿನದೋ ಅಲ್ಲವೋ ಎಂಬುದು.

ಮುಧೋಳದ ಹೆಮ್ಮೆ, ಮೂರು ಖೋಲಿಯ ಮನೆ

ಬಿಸಿಲಿನದೇ ಬೇಕೆಂದರೆ ಜಿಲ್ಲೆಯಲ್ಲೇ ಇದೆಯಲ್ಲ, ಮುಧೋಳ ನಾಯಿ! ಇದು ಕೇಳಲು ಚಂದ. ಘೋರ್ಪಡೆ ಮನೆತನದ ಮಾಲೋಜಿರಾವ್ ಅರಸರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದು. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆಂದು ಮೀರತ್ತಿಗೆ ಒಯ್ದರು. 2020ರಲ್ಲಿ ಪ್ರಧಾನಿ ರೇಡಿಯೋದ ‘ಮನ್ ಕೀ ಬಾತ್’ನಲ್ಲಿ ಹೆಸರು ಹೇಳಿದರು. ಬೀದರದ ಪಶುವೈದ್ಯ ವಿಶ್ವವಿದ್ಯಾಲಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ನಡೆಸುತ್ತಿದೆ. ಹೆಮ್ಮೆ ಪಡಬೇಕಾದದ್ದೇ.

ಆದರೆ ಹೆಮ್ಮೆಗೆ ಎಷ್ಟು ಜಾಗ ಬೇಕು ಅಂತ ಯಾರೂ ಕೇಳುವುದಿಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಸಣ್ಣ ನಡು, ಉದ್ದ ಕಾಲು, ಎದೆ ತುಂಬ ಉಸಿರು. ದೂರದಲ್ಲಿ ಏನಾದರೂ ಓಡಿದರೆ ಅದೂ ಓಡಲೇಬೇಕು. ಅದರ ಹುಟ್ಟುಗುಣವೇ ಅದು. ಹೊಲದಲ್ಲಿ ವಸ್ತಿ ಇರುವವರು, ಕುರಿ ಹಟ್ಟಿಯವರು, ದಿನಾ ಬೆಳಿಗ್ಗೆ ಎರಡು ಮೈಲಿ ನಡೆಯುವವರು ಸಾಕಿದರೆ ಅದರಂಥ ನಾಯಿ ಇನ್ನೊಂದಿಲ್ಲ. ಕೂದಲು ಸಣ್ಣದು, ಬಿಸಿಲು ತಡೆಯುತ್ತದೆ, ಮನೆಯವರಿಗೆ ನಿಷ್ಠೆ. ಹೊರಗಿನವರು ಮೈ ಮುಟ್ಟಿದರೆ ಸೇರುವುದಿಲ್ಲ. ಅದನ್ನೇ ತಂದು ಮೂರು ಖೋಲಿಯ ಮನೆಯ ಜಿನ್ನೆಯ ಕೆಳಗೆ ನಾಲ್ಕು ಮೊಳ ಸರಪಳಿಯಲ್ಲಿ ಕಟ್ಟಿದರೆ? ಒಂದೋ ಸೊರಗುತ್ತದೆ, ಇಲ್ಲವೇ ಹುಚ್ಚೆದ್ದು ಓಣಿಯ ಕೋಳಿ, ಬೆಕ್ಕು, ಆಡಿನ ಮರಿ ಹಿಡಿಯುತ್ತದೆ. ಆಗ ಓಣಿಯೆಲ್ಲ ಬಾಗಿಲಿಗೆ. ಇನ್ನು ಮೊಲ ಹಿಡಿಸೋಣ ಎನ್ನುವವರಿಗೆ 1972ರ ವನ್ಯಜೀವಿ ಕಾಯ್ದೆ ಇದೆ. ನಾಯಿ ಬಿಟ್ಟು ಬೇಟೆಯಾಡುವುದು ಅಪರಾಧ.

ಅಂಗಡಿ ಕಾಯುವ ನಾಯಿ

ವ್ಯಾಪಾರಸ್ಥರ ಲೆಕ್ಕ ಬೇರೆ. “ಗೋಡೌನ್ ಕಾಯಾಕ ಒಂದು ಜೋರ್ ನಾಯಿ ಬೇಕ್ರೀ, ನೋಡಿದ್ರ ಅಂಜಬೇಕು” ಅನ್ನುತ್ತಾರೆ ಸಾವುಕಾರರು. ರಾಟ್‌ವೀಲರ್ ತರುತ್ತಾರೆ. ತಂದು ಹಗಲೆಲ್ಲ ಕಟ್ಟಿಹಾಕುತ್ತಾರೆ, ರಾತ್ರಿ ಬಾಗಿಲು ಹಾಕಿ ಒಳಗೆ ಬಿಡುತ್ತಾರೆ. ಯಾರೂ ಮಾತಾಡಿಸದ, ಯಾರೂ ತಿರುಗಾಡಿಸದ ನಾಯಿಗೆ ಕಳ್ಳ ಯಾರು, ಹಮಾಲ ಯಾರು ಅಂತ ತಿಳಿಯುವುದು ಹೇಗೆ? ಅದು ಮೊದಲು ಕಚ್ಚುವುದು ಮುಂಜಾನೆ ಶಟರ್ ಎತ್ತುವ ಹುಡುಗನನ್ನೇ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಉಗ್ರ ತಳಿಗಳೆಂದು ಪಟ್ಟಿ ಮಾಡಿ ನಿಷೇಧದ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸುತ್ತೋಲೆ ಹೋಯಿತು, ಸರಿ. ಜವಾಬ್ದಾರಿ ಹೋಗಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಆರು ತಿಂಗಳ ಸಜೆ, ಐದು ಸಾವಿರ ದಂಡ, ಅಥವಾ ಎರಡೂ ಆಗಬಹುದು. ಗೋಡೌನಿಗೆ ನಿಜವಾಗಿ ಬೇಕಾದದ್ದು ಗಟ್ಟಿ ಕೀಲಿ, ಒಂದು ದೀಪ, ಸಪ್ಪಳಾದರೆ ಬೊಗಳುವ ನಾಯಿ. ಬೊಗಳಲು ಪರದೇಶದ ತಳಿ ಬೇಕಿಲ್ಲ.

ದಿನಾ ಬಸ್ಸಿಗೆ ಹೋಗುವವರು

ಜಮಖಂಡಿ, ಇಳಕಲ್ಲು, ವಿಜಯಪುರಕ್ಕೆ ದಿನಾ ನೌಕರಿಗೆ ಹೋಗಿ ಬರುವವರದು ಇನ್ನೊಂದು ಕಥೆ. ಮುಂಜಾನೆ ಹೋದವರು ದೀಪ ಹಚ್ಚಿದ ಮೇಲೆ ಮನೆಗೆ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಹಾಕಬೇಕು. ಹೊರಗೆ ಒಯ್ದು ರೂಢಿ ಮಾಡಿಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ವೈದ್ಯರು ಹೇಳಿದ ಹಾಗೆ ವರ್ಷಾ ವರ್ಷಾ ಲಸಿಕೆ. ಹತ್ತು ಹನ್ನೆರಡು ವರ್ಷದ ಬಾಳು ಅದರದು. ಮಕ್ಕಳು ಹಟ ಹಿಡಿದರು ಅಂತ ತಂದರೆ, ಮಕ್ಕಳು ಕಾಲೇಜಿಗೆ ಧಾರವಾಡಕ್ಕೆ ಹೋದ ಮೇಲೂ ನಾಯಿ ಮನೆಯಲ್ಲೇ ಇರುತ್ತದೆ. ಆಗ ಅದರ ಹೊಲಸು ಬಳಿಯುವುದು, ಅನ್ನ ಹಾಕುವುದು ಮನೆಯ ಹೆಣ್ಣುಮಗಳ ಪಾಲು. ನಾಯಿ ತರುವ ಮಾತು ಬಂದಾಗ ಆಕೆಯನ್ನು ಯಾರಾದರೂ ಕೇಳಿದ್ದಾರೆಯೇ? ಹಗಲೆಲ್ಲ ಕೀಲಿ ಬೀಳುವ ಮನೆಯವರು ಮರಿ ತರದಿರುವುದೇ ನಾಯಿಗೆ ಮಾಡುವ ಉಪಕಾರ.

ಜಾತಿ ಕೇಳುವ ಚಟ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಬಹಳ ಮನೆಗಳಿಗೆ ಉಳಿಯುವುದು ಒಂದೇ ನಾಯಿ. ಅದೇ ಓಣಿಯ ನಾಯಿ. ಜನ ಇದಕ್ಕೆ ಕಂತ್ರಿ ಅನ್ನುತ್ತಾರೆ, ದುಡ್ಡು ಕೊಟ್ಟು ತಂದದ್ದಕ್ಕೆ ‘ಜಾತಿ ನಾಯಿ’ ಅನ್ನುತ್ತಾರೆ. ಮನುಷ್ಯರ ಜಾತಿ ಕೇಳಿ ಸಾಲದೆ ನಾಯಿಯದೂ ಕೇಳುವ ಚಟ. ಈ ಬಿಸಿಲು, ಈ ನೀರು, ಈ ರೊಟ್ಟಿಗೆ ತಲೆತಲಾಂತರದಿಂದ ಒಗ್ಗಿದ ಪ್ರಾಣಿ ಅದು. ಮನೆಯವರ್‍ಯಾರು, ಹೊರಗಿನವರ್‍ಯಾರು ಅಂತ ಎರಡೇ ದಿನದಲ್ಲಿ ಕಲಿಯುತ್ತದೆ.

ಹಳೇ ಬಾಗಲಕೋಟೆಯಲ್ಲಿ ಇಂಥ ನಾಯಿ ಇಡೀ ಓಣಿಯದಾಗಿತ್ತು. ಒಂದು ಮನೆಯ ಕಟ್ಟೆಯ ಮೇಲೆ ಮಲಗಿ, ಇನ್ನೊಂದು ಮನೆಯ ರೊಟ್ಟಿ ತಿಂದು, ಹತ್ತು ಮನೆ ಕಾಯುತ್ತಿತ್ತು. ಆಲಮಟ್ಟಿಯ ಹಿನ್ನೀರು ಬಂದು ಜನ ನವನಗರಕ್ಕೆ ಬಂದರು. ಸೈಟು ಬಂತು, ಕಾಂಪೌಂಡ್ ಬಂತು, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ಬಂತು. ಕಟ್ಟೆ ಮಾತ್ರ ಬರಲಿಲ್ಲ. ಓಣಿಯ ಮರಿಯನ್ನು ಮನೆಗೆ ತಂದರೂ ಲಸಿಕೆ ತಪ್ಪಿಸುವ ಹಾಗಿಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ ತಪ್ಪಿಸುವ ಹಾಗಿಲ್ಲ. ಹೆಣ್ಣುಮರಿ ಅಂತ ಒದ್ದು ಹೊರಗೆ ಹಾಕುವವರು ಇದನ್ನು ಮೊದಲು ತಿಳಿಯಬೇಕು. ಒಂದು ಸಲ ಆಸ್ಪತ್ರೆಗೆ ಒಯ್ದರೆ ಮುಗಿಯುವ ಕೆಲಸಕ್ಕೆ, ಅದನ್ನು ಬೀದಿಗೆ ಹಾಕಿ ಪ್ರತಿ ವರ್ಷ ಹತ್ತು ಮರಿ ಬೆಳೆಸುತ್ತಿದ್ದಾರೆ.

ಐವತ್ತು ರೂಪಾಯಿಯ ಕಾನೂನು

ಪ್ರಾಣಿಯನ್ನು ಹಸಿವು ನೀರಡಿಕೆಯಲ್ಲಿ ಸಾಯುವ ಹಾಗೆ ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಸದಾ ಸರಪಳಿಯಲ್ಲಿ ಕಟ್ಟಿದ ನಾಯಿಯನ್ನು ತಿರುಗಾಡಿಸದಿರುವುದೂ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ಖಾನಾವಳಿಯ ಒಂದು ಊಟಕ್ಕೂ ಸಾಲದ ದಂಡಕ್ಕೆ ಯಾರು ಅಂಜುತ್ತಾರೆ? ಎಂಟು ವಾರ ತುಂಬದ ಮರಿ ಮಾರಬಾರದು, ನಾಯಿ ಹುಟ್ಟಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಅಂತ 2017ರ ನಿಯಮ ಹೇಳುತ್ತದೆ. ಮೊಬೈಲಿನಲ್ಲಿ ಫೋಟೋ ತೋರಿಸಿ, ಕಣ್ಣು ಬಿಟ್ಟ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಕೊಡುವವರ ನೋಂದಣಿಯನ್ನು ಎಷ್ಟು ಜನ ಕೇಳಿ ನೋಡಿದ್ದಾರೆ?

2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಿ ಆಶ್ರಯಕ್ಕೆ ಸಾಗಿಸಲು ಆದೇಶಿಸಿತು. ಆದೇಶ ಪಾಲಿಸುವುದು ನಗರಸಭೆಯ ಕೆಲಸ. ಆದರೆ ಒಂದು ಕಡೆ ನಗರಸಭೆ ಹಿಡಿಯುತ್ತಾ, ಇನ್ನೊಂದು ಕಡೆ ಮನೆಯವರು ತಂದು ಬಿಡುತ್ತಾ ಹೋದರೆ ಅದು ತೂತು ಕೊಡದಿಂದ ನೀರು ಹೊತ್ತ ಹಾಗೆ. ನಗರಸಭೆ ವಾರ್ಡಿಗೊಂದು ಲಸಿಕೆ ಶಿಬಿರ ನಡೆಸಲಿ, ಸಾಕುನಾಯಿಗಳ ಪಟ್ಟಿ ಬರೆದಿಡಲಿ, ಯಾವ ಮನೆಯ ನಾಯಿ ಬೀದಿಗೆ ಬಂತು ಅಂತ ಆಗ ತಿಳಿಯುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ದುಡ್ಡಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ. ನಾಯಿಗೂ ಅದೇ ಗಾದೆ. ಎಷ್ಟು ಜಾಗ ಇದೆ, ಎಷ್ಟು ಹೊತ್ತು ಇದೆ, ಅನ್ನ ಹಾಕುವ ಕೈ ಯಾವುದು, ಈ ಮೂರಕ್ಕೆ ಉತ್ತರ ಸಿಕ್ಕವರು ನಾಯಿ ತರಲಿ. ಸಿಗದವರು ಓಣಿಯ ನಾಯಿಗೆ ಸಂಜೆ ಅರ್ಧ ರೊಟ್ಟಿ ಹಾಕಿ, ಲಸಿಕೆ ಶಿಬಿರದ ದಿನ ಅದನ್ನು ಹಿಡಿದುಕೊಟ್ಟರೆ ಸಾಕು. ಅಷ್ಟಕ್ಕೆ ಅಂಗಳವೂ ಬೇಕಿಲ್ಲ.