ನಮ್ಮ ಜೀಪಿನ ಅರ್ಥ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗೆಳೆಯರು ಬೆನ್ನು ಹತ್ತಿದಾಗ, "ಅರ್ಥದ ಮೇಲೆ ಬರೆಯುತ್ತೇನೆ" ಎಂದು ಒಪ್ಪಿಕೊಂಡೆ. ಪುರುಷಾರ್ಥಗಳಲ್ಲಿ ಎರಡನೆಯದನ್ನು ಕುರಿತು ಗಂಭೀರವಾದ ಪ್ರಬಂಧವೊಂದು ಬಂದೀತೆಂದು ಅವರು ಹರ್ಷಪಟ್ಟು, ಅರ್ಥಶಾಸ್ತ್ರದ ಅಧ್ಯಾಪಕರಿಗೂ ಸುದ್ದಿ ಮುಟ್ಟಿಸಿಬಿಟ್ಟರು. ನಾನು ಹೇಳಿದ್ದು ಬೇರೆ ಅರ್ಥ. ಗ್ಯಾರೇಜಿನಲ್ಲಿ "ಅರ್ಥ್ ಬರ್ತಾ ಇಲ್ಲ ಸಾರ್" ಎನ್ನುತ್ತಾರಲ್ಲ, ಆ ಅರ್ಥ್. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೆಲಸ ಮುಗಿಸಿ ಬ್ಯಾಟರಿಗೆ ಹಿಂದಿರುಗುವ ದಾರಿ. ಅಧ್ಯಾಪಕ ಮಹಾಶಯರು ಕ್ಷಮಿಸಬೇಕು. ಆದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಬಾರದೆಂದು ಪ್ರಾರ್ಥನೆ. ಏಕೆಂದರೆ ಈ ಅರ್ಥ್ ತಪ್ಪಿದ್ದರಿಂದ ನಮ್ಮ ಸೋದರಮಾವನವರ ಇನ್ನೊಂದು ಬಗೆಯ ಅರ್ಥವೂ ಒಂದು ವರ್ಷದಲ್ಲಿ ಸಾಕಷ್ಟು ಕರಗಿಹೋಯಿತು.

ಮಾವನ ಊರು ಪುಣಜನೂರಿನ ಬಳಿ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ ನಮ್ಮ ಕಡೆಯ ತನಿಖಾ ಠಾಣೆ ಇರುವ ಗಡಿಯ ಊರು ಅದು. ಈ ಕಡೆ ಬಿಳಿಗಿರಿರಂಗನಬೆಟ್ಟದ ಕಾಡು, 2011ರಿಂದ ಹುಲಿ ರಕ್ಷಿತ ಪ್ರದೇಶ. ಗಡಿ ದಾಟಿದರೆ ಸತ್ಯಮಂಗಲದ ಕಾಡು, ಅದೂ 2013ರಲ್ಲಿ ಹಾಗೆಯೇ ಆಯಿತು. ಮುಂದೆ ಹಾಸನೂರು, ಅಲ್ಲಿಂದಾಚೆ ಇಪ್ಪತ್ತೇಳು ತಿರುವುಗಳ ದಿಂಬಂ ಘಾಟಿ. ಕಬ್ಬಿನ ಲಾರಿಗೆ ಆನೆ ಅಡ್ಡ ನಿಂತು ಸುಂಕ ವಸೂಲು ಮಾಡುವುದನ್ನು ಆ ರಸ್ತೆಯಲ್ಲಿ ಓಡಾಡಿದವರೆಲ್ಲ ಬಲ್ಲರು. 2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ಗಡಿಯಾಚೆ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಇಂಥ ಕಡೆ ಗಾಡಿ ಸ್ಟಾರ್ಟ್ ಆಗದಿದ್ದರೆ ಪೇಟೆಯಲ್ಲಿ ಆಟೋ ಹಿಡಿದಂತೆ ಇನ್ನೊಂದನ್ನು ಹಿಡಿದು ಹೋಗುವುದು ಸಾಧ್ಯವಿಲ್ಲ. ಕತ್ತಲಾದ ಮೇಲಂತೂ ಕೆಳಗಿಳಿದು ತಳ್ಳಲಿಕ್ಕೂ ಧೈರ್ಯ ಬೇಕು.

ಮಾವನದು ಹಳೆಯ ಡೀಸೆಲ್ ಜೀಪು. ಸಂತೆಗೆ ಸೊಪ್ಪು, ಟೊಮ್ಯಾಟೊ ಹೊರುವುದೂ ಅದೇ, ಹತ್ತಿರದ ಪೋಡುಗಳ ಸೋಲಿಗರಿಗೆ ಕಾಯಿಲೆ ಕಸಾಲೆ ಬಂದರೆ ಆಸ್ಪತ್ರೆಗೆ ಸೇರಿಸುವುದೂ ಅದೇ. ಇದಕ್ಕೆ ಒಂದು ರೋಗ ಹಿಡಿಯಿತು. ಕೀಲಿ ತಿರುಗಿಸಿದರೆ ಸೆಲ್ಫು ಮೂರು ಬಾರಿ ಮುಲುಗಿ ಸುಮ್ಮನಾಗುವುದು. ಗ್ಯಾರೇಜಿನವರೊಬ್ಬರು ಬ್ಯಾಟರಿ ಹೋಗಿದೆ ಎಂದರು. ಹೊಸ ಬ್ಯಾಟರಿ ಬಂತು. ಹದಿನೈದು ದಿನ ಚೆನ್ನಾಗಿದ್ದು ಮತ್ತೆ ಅದೇ ಹಾಡು. ಇನ್ನೊಬ್ಬರು ಸೆಲ್ಫ್ ಮೋಟರು ಬಿಚ್ಚಿ ಬುಷ್ಷು, ಕಾರ್ಬನ್ನು ಬದಲಾಯಿಸಿದರು. ಮತ್ತೆ ಅದೇ. ಹೋದ ವರ್ಷ ಕಾರ್ತಿಕ ಮಾಸದ ಒಂದು ಸಂಜೆ, ಪೋಡಿನ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಬಂದು ಅವಳನ್ನು ಜೀಪಿನಲ್ಲಿ ಕೂರಿಸಿದ್ದಾಯಿತು. ಜೀಪು ಕದಲಲಿಲ್ಲ. ಆಂಬುಲೆನ್ಸಿಗೆ ಹೇಳಿ ಕಳಿಸಿದ್ದರೂ ಅದು ಬರುವವರೆಗೆ ಕಾಯುವಂತಿರಲಿಲ್ಲ. ಎಂಟು ಜನ ಸೇರಿ, ಮುಂದೆ ಒಬ್ಬ ಟಾರ್ಚು ಹಿಡಿದು, ಹಿಂದೆ ಒಬ್ಬ ಪಟಾಕಿ ಹಿಡಿದು, ಏರಿನ ತುದಿಯವರೆಗೆ ತಳ್ಳಿ ಇಳಿಜಾರಿನಲ್ಲಿ ಬಿಟ್ಟೆವು. ಎಂಜಿನ್ ಹಿಡಿಯಿತು. ತಾಯಿ ಮಗು ಕ್ಷೇಮವಾಗಿದ್ದಾರೆ. ತಳ್ಳಿದವರಲ್ಲಿ ನಾನೂ ಒಬ್ಬ. ಗಾಡಿಯೊಳಗಿಂದ ಬರುತ್ತಿದ್ದ ನರಳಾಟ ಈಗಲೂ ಕಿವಿಯಲ್ಲಿದೆ.

ಮಾರನೆಯ ವಾರ ಮಾವನಿಗೆ ಪರಿಚಯದವರೊಬ್ಬರು ಒಂದು ಪೊಟ್ಟಣ ತೋರಿಸಿದರು. ಅದರ ಹೆಸರು ಗ್ರೌಂಡಿಂಗ್ ಕಿಟ್. ಕೆಂಪು, ನೀಲಿ ಬಣ್ಣದ ಐದು ದಪ್ಪ ವೈರು, ತುದಿಗಳಿಗೆ ಬಂಗಾರದ ಬಣ್ಣ. ಹಾಕಿಸಿದರೆ ಸ್ಪಾರ್ಕು ಬಲವಾಗುತ್ತದೆ, ಎಳೆತ ಹೆಚ್ಚುತ್ತದೆ, ಮೈಲೇಜು ಹೆಚ್ಚುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚಾಗಿತ್ತು. ಬೆಲೆ ಮೂರು ಸಾವಿರ. ಜಪಾನಿನಲ್ಲಿ ಗಾಡಿ ಶೋಕಿಯವರು ಇದನ್ನು ಬಹಳ ಹಬ್ಬಿಸಿದರು. ಇಂಗ್ಲಿಷಿನ ಅರ್ಥಿಂಗ್ ಎಂಬುದು ಅವರ ನಾಲಗೆಯಲ್ಲಿ 'ಆಶಿಂಗು' ಆಯಿತು. ಹೆಸರೇನೇ ಇರಲಿ, ನನಗೆ ನಗು ಬಂದದ್ದು ಒಂದು ಕಾರಣಕ್ಕೆ: ಮಾವನದು ಡೀಸೆಲ್ ಎಂಜಿನ್. ಅದರಲ್ಲಿ ಸ್ಪಾರ್ಕೇ ಇಲ್ಲ! ಗಾಳಿಯನ್ನು ಒತ್ತಿ ಕಾಯಿಸಿ ಅದಕ್ಕೆ ಎಣ್ಣೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುವ ಎಂಜಿನ್ನಿಗೆ ಸ್ಪಾರ್ಕನ್ನು ಬಲಪಡಿಸುವ ಔಷಧಿ ಎಂದರೆ, ಹಲ್ಲಿಲ್ಲದವನಿಗೆ ಹಲ್ಲುಪುಡಿ ಮಾರಿದಂತೆ.

ಆದರೂ ಆ ಪೊಟ್ಟಣ ಪೂರ್ತಿ ಸುಳ್ಳೆಂದು ಹೇಳಲಾರೆ. ಅದೇ ಈ ಲೇಖನದ ತಿರುಳು. ಮಾರುವವನು ಹೇಳಿದ ಗುಣ ಸುಳ್ಳು. ವೈರು ಬೇಕಾದದ್ದು ನಿಜ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯ ದೀಪಕ್ಕೆ ಎರಡು ತಂತಿ ಎಳೆಯುತ್ತೇವೆ, ಒಂದು ಹೋಗಲಿಕ್ಕೆ, ಒಂದು ಬರಲಿಕ್ಕೆ. ಮೋಟಾರು ಗಾಡಿಯಲ್ಲಿ ಹೋಗಲಿಕ್ಕೆ ಮಾತ್ರ ತಂತಿ. ಬರುವ ದಾರಿ ಗಾಡಿಯ ಕಬ್ಬಿಣದ ಮೈಯೇ. ತಂತಿ ವರ್ತಮಾನದ ಕಾಲದಲ್ಲಿ, 1838ರಲ್ಲಿ, ಮ್ಯೂನಿಕ್ಕಿನ ಸ್ಟೈನ್‌ಹೈಲ್ ಎಂಬಾತನು ಎರಡನೆಯ ತಂತಿಯ ಬದಲು ನೆಲವನ್ನೇ ಉಪಯೋಗಿಸಬಹುದೆಂದು ಕಂಡುಕೊಂಡನು. ಆ ಹೆಸರೇ ಗಾಡಿಗೂ ಅಂಟಿಕೊಂಡಿದೆ. ರಬ್ಬರು ಚಕ್ರದ ಮೇಲೆ ನಿಂತ ಗಾಡಿಗೆ ನೆಲದ ಸಂಬಂಧವೇ ಇಲ್ಲದಿದ್ದರೂ ನಾವು ಅದನ್ನು 'ಅರ್ಥ್' ಎನ್ನುತ್ತೇವೆ. ಈಗ, ಎಂಜಿನ್ ಕೂತಿರುವುದು ರಬ್ಬರು ದಿಂಬುಗಳ ಮೇಲೆ, ಅದರ ನಡುಕ ನಮ್ಮ ಬೆನ್ನಿಗೆ ಬಾರದಿರಲೆಂದು. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ಎಂಜಿನ್ನಿಗೂ ಛಾಸಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿಯನ್ನು ಬಿಗಿದಿರುತ್ತಾರೆ. ಸೆಲ್ಫ್ ಮೋಟರು ಎಳೆಯುವ ಅಷ್ಟೂ ವಿದ್ಯುತ್ತು ಹಿಂದಿರುಗಬೇಕಾದ್ದು ಆ ಒಂದು ಪಟ್ಟಿಯ ಮೂಲಕ. ಬೆಳಗಿನ ಚಳಿಯಲ್ಲಿ ಕಾಯಿಸುವ ಹೀಟರ್ ಪ್ಲಗ್ಗುಗಳದೂ ಅದೇ ದಾರಿ.

ಸಂತೆಗೆ ಹೋಗುವ ರಸ್ತೆ ಡಾಂಬರಿನದಾಗಿದ್ದು, ಬರುವ ರಸ್ತೆಯಲ್ಲಿ ಮಾತ್ರ ಗಾಡಿಗಳು ಕೆಸರಿನಲ್ಲಿ ಹೂತುಕೊಂಡರೆ ಏನಾಗುತ್ತದೆ? ಹಿಂದಿರುಗಲಾರದ ಗಾಡಿ ಮತ್ತೆ ಹೊರಡಲಾರದು; ಸಂತೆಯೇ ನಿಂತುಹೋಗುತ್ತದೆ. ಎಲ್ಲರೂ ಹೋಗುವ ರಸ್ತೆಯನ್ನೇ ರಿಪೇರಿ ಮಾಡುತ್ತಿದ್ದರು. ಬ್ಯಾಟರಿ, ಸೆಲ್ಫು, ಕೀಲಿ, ಕೆಂಪು ವೈರು ಎಲ್ಲ ನೋಡಿದ್ದಾಯಿತು. ಬರುವ ದಾರಿಯನ್ನು ಯಾರೂ ನೋಡಿರಲಿಲ್ಲ.

ಹಾಗೆಂದು ಪೂರ್ತಿ ಅಂದಾಜಿನ ಮೇಲೆ ಹೊರಟವನಲ್ಲ ನಾನು. ಐ.ಟಿ.ಐ.ಯಲ್ಲಿ ಓದುವ ಗೆಳೆಯನಿಂದ ಒಂದು ಮಲ್ಟಿಮೀಟರ್ ಎರವಲು ತಂದೆ. ಇಲ್ಲೊಂದು ಸೂಕ್ಷ್ಮವಿದೆ. ಹಿಂದಿನ ಮೆಕ್ಯಾನಿಕ್ ಮೀಟರಿನಲ್ಲಿ 'ಬೀಪ್' ಬರುವುದನ್ನು ಕೇಳಿ "ಅರ್ಥ್ ಸರಿಯಾಗಿದೆ" ಎಂದಿದ್ದರು. ಕೂದಲೆಳೆಯಷ್ಟು ತಂತಿ ಉಳಿದಿದ್ದರೂ ಬೀಪ್ ಬರುತ್ತದೆ. ಡೀಸೆಲ್ ಜೀಪಿನ ಸೆಲ್ಫು ಇನ್ನೂರು ಆಂಪಿಯರಿಗೂ ಮಿಕ್ಕಿ ಎಳೆಯುವಂಥದು. ದಾರಿಯಲ್ಲಿ ಒಂದು ಓಮಿನ ನೂರನೆಯ ಒಂದು ಪಾಲು ತಡೆ ಇದ್ದರೂ ಸಾಕು, ಇನ್ನೂರನ್ನು ಅದರಿಂದ ಗುಣಿಸಿದರೆ ಎರಡು ವೋಲ್ಟು ಅಲ್ಲಿಯೇ ಮಾಯ. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರು ನೇರವಾಗಿ ತೋರಿಸಲಾರದು. ಭಾರ ಬಿದ್ದಾಗ ಎಷ್ಟು ವೋಲ್ಟು ಸೋರುತ್ತದೆಂದು ಅಳೆಯಬೇಕು. ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆಯೇ (ಅದಕ್ಕೆ ಹಾಕಿದ ಹಿಡಿಕೆಯ ಮೇಲಲ್ಲ), ಇನ್ನೊಂದನ್ನು ಎಂಜಿನ್ನಿನ ಉಜ್ಜಿದ ಬರಿಯ ಲೋಹದ ಮೇಲೆ ಒತ್ತಿ ಹಿಡಿದೆ. ಮಾವ ಸ್ಟಾಪು ಎಳೆದು ಹಿಡಿದು ಸೆಲ್ಫ್ ಹೊಡೆದರು. 0.2 ವೋಲ್ಟಿನ ಆಸುಪಾಸಿನಲ್ಲಿರಬೇಕಾದ್ದು 1.9 ತೋರಿಸಿತು. ಬ್ಯಾಟರಿಯ ಎರಡು ಕಂಬಗಳ ನಡುವೆ ಆಗ 10.6 ಇತ್ತು. ಹೋಗುವ ದಾರಿಯ ಚಿಲ್ಲರೆ ಸೋರಿಕೆಯನ್ನೂ ಕಳೆದರೆ ಪಾಪದ ಸೆಲ್ಫಿಗೆ ಎಂಟೂವರೆಯೂ ತಲಪುತ್ತಿರಲಿಲ್ಲ. ಆಕ್ಸಿಲರೇಟರ್ ಕೇಬಲ್ಲನ್ನು ಮುಟ್ಟಿ ನೋಡಿದೆ, ಬೆಚ್ಚಗಿತ್ತು! ದೊಡ್ಡ ದಾರಿ ಮುಚ್ಚಿದ್ದರಿಂದ ವಿದ್ಯುತ್ತು ಆ ಕಾಲುದಾರಿ ಹಿಡಿದಿತ್ತು.

ಗಾಡಿಯ ಕೆಳಗೆ ಮಲಗಿ ನೋಡಿದರೆ ಕಾರಣ ಕಂಡಿತು. ಎಫ್.ಸಿ.ಗೆಂದು ವರ್ಷದ ಹಿಂದೆ ಬಣ್ಣ ಹೊಡೆಸಿದಾಗ ತಾಮ್ರದ ಪಟ್ಟಿಯನ್ನು ಬಿಚ್ಚಿ, ಹೊಸ ಬಣ್ಣದ ಮೇಲೆಯೇ ಮತ್ತೆ ಬೋಲ್ಟು ಬಿಗಿದಿದ್ದರು. ಪಟ್ಟಿಯ ಎಳೆಗಳು ಅರ್ಧಕ್ಕರ್ಧ ಹಸಿರುಗಟ್ಟಿ ಉದುರಿದ್ದವು.

ಅಲ್ಲಿಂದಾಚೆಗೆ ಮಾಡಿದ್ದು ಸುಲಭದ ಕೆಲಸ. ವೆಲ್ಡಿಂಗಿಗೆ ಬಳಸುವ ರಬ್ಬರು ಹೊದಿಕೆಯ ತಾಮ್ರದ ಕೇಬಲ್ಲು, 35 ಚದರ ಮಿಲಿಮೀಟರಿನದು, ಒಂದೂವರೆ ಮೀಟರು ತಂದೆವು. ನೂರಾರು ಸಣ್ಣ ಎಳೆಗಳಿರುವುದರಿಂದ ಅದು ಎಂಜಿನ್ನಿನ ಕುಲುಕಾಟಕ್ಕೆ ಬಳುಕುತ್ತದೆ, ಮುರಿಯುವುದಿಲ್ಲ. ಅಂಗಡಿಯಲ್ಲಿ ಎಚ್ಚರವಿರಬೇಕು: ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲೂ ಉಂಟು, ಎಳೆಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳುಪು ಹೊರಬೀಳುತ್ತದೆ. ಪಂಪ್‌ಸೆಟ್ ರಿಪೇರಿಯವರ ಹತ್ತಿರ ಲಗ್ಗು ಒತ್ತುವ ಪ್ರೆಸ್ ಇತ್ತು. ಎರಡು ತುಂಡಿಗೆ ನಾಲ್ಕು ಲಗ್ಗು ಒತ್ತಿಸಿಕೊಂಡೆವು. ಸುತ್ತಿಗೆಯಿಂದ ಬಡಿಯುವುದು, ಬರಿಯ ಬೆಸುಗೆಯನ್ನೇ ನಂಬುವುದು ಎರಡೂ ಸರಿಯಲ್ಲ. ಬೆಸುಗೆ ಎಳೆಗಳೊಳಕ್ಕೆ ಇಳಿದು ಕೇಬಲ್ಲನ್ನು ಸೆಡೆಸಿ, ಅಲ್ಲಿಯೇ ಮುರಿಯುವಂತೆ ಮಾಡುತ್ತದೆ. ಕೈಯ ಉಂಗುರ ತೆಗೆದಿಟ್ಟು, ಮೊದಲು ನೆಗೆಟಿವ್ ಬಿಚ್ಚಿದೆವು. ಪಾಸಿಟಿವ್ ಮೊದಲು ಬಿಚ್ಚಹೋಗಿ ಸ್ಪ್ಯಾನರು ಬಾಡಿಗೆ ತಗುಲಿದರೆ ಬೆಂಕಿಯ ಕಿಡಿಯೇ. ಬೋಲ್ಟು ಕೂರುವ ಜಾಗವನ್ನು ಬೆಳ್ಳಿಯಂತೆ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಎಂಜಿನ್ನಿಗೆ ಒಂದು, ಎಂಜಿನ್ನಿನಿಂದ ಛಾಸಿಗೆ ಒಂದು ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಸೈಲೆನ್ಸರ್ ಕೊಳವೆ, ಫ್ಯಾನ್ ಬೆಲ್ಟು, ಡೀಸೆಲ್ ಪೈಪು ಇವುಗಳ ಹತ್ತಿರ ಸುಳಿಯದಂತೆ ನೋಡಿಕೊಂಡು, ನೆಗೆಟಿವ್ವನ್ನು ಕೊನೆಗೆ ಸೇರಿಸಿದೆವು. ಖರ್ಚು ಎಂಟುನೂರು ಚಿಲ್ಲರೆ. ಮೀಟರು ಈಗ 0.15 ಎಂದಿತು. ಅಂದಿನಿಂದ ಸೆಲ್ಫು ಒಂದೇ ಹೊಡೆತಕ್ಕೆ ಎದ್ದು ಕೂರುತ್ತದೆ.

ಹೊಸ ಕಾರುಳ್ಳ ಅಧ್ಯಾಪಕರಿಗೆ ಒಂದು ಮಾತು. ಕೆಲವು ಹೊಸ ಗಾಡಿಗಳಲ್ಲಿ ನೆಗೆಟಿವ್ ಕಂಬದ ಮೇಲೆಯೇ ವಿದ್ಯುತ್ತನ್ನು ಅಳೆಯುವ ಸಣ್ಣ ಉಪಕರಣ ಕೂತಿರುತ್ತದೆ. ನೀವು ಕಂಬದಿಂದಲೇ ಹೊಸ ತಂತಿ ಎಳೆದರೆ ಆ ಲೆಕ್ಕ ತಪ್ಪುತ್ತದೆ. ಅಂಥ ಗಾಡಿಯಲ್ಲಿ ಕಂಬವನ್ನು ಬಿಟ್ಟು, ಬಾಡಿಗೆ ಬಿಗಿದ ಕಡೆಯಿಂದ ಎಳೆಯಬೇಕು. ಇನ್ನು ಅಳೆದು ನೋಡಿ 0.2ರ ಒಳಗೇ ಇದ್ದರೆ ದಯವಿಟ್ಟು ಏನೂ ಮಾಡಬೇಡಿ. ಸರಿಯಿರುವ ದಾರಿಯ ಪಕ್ಕದಲ್ಲಿ ಐದು ಬಣ್ಣದ ದಾರಿ ಹಾಕಿದರೂ ಎಂಜಿನ್ನಿಗೆ ಅದು ತಿಳಿಯುವುದೇ ಇಲ್ಲ. ನಮ್ಮ ಜೀಪಿನ ಮೈಲೇಜು ಒಂದು ಕೂದಲಿನಷ್ಟೂ ಏರಲಿಲ್ಲ. ಏರುದಾರಿಯಲ್ಲಿ ಎಳೆತ ಹೆಚ್ಚಾಗಿದೆ ಎಂದು ಮಾವ ಮಾತ್ರ ಎಲ್ಲರಿಗೂ ಹೇಳುತ್ತಾರೆ. ಹಿರಿಯರು, ನಾನು ಎದುರಾಡಲಿಲ್ಲ.

ಈ ಕೆಲಸಕ್ಕೆ ಕೈ ಹಾಕಿದ ದಿನ ಅವರೇ ನನ್ನನ್ನು ತಡೆದಿದ್ದರು. "ನೀ ಓದಾದು ಹಳಗನ್ನಡ ಕಲಾ, ನಿಂಗ್ಯಾಕ ಈ ವೈರಿನ ಸಾವಾಸ?" ಎಂದರು. ನನ್ನ ತಕರಾರು ಇರುವುದು ಈ ಮಾತಿನೊಡನೆ, ಮಾವನೊಡನೆ ಅಲ್ಲ. ಬಿ.ಎ. ಓದುವವನು ಬಾನೆಟ್ಟಿನೊಳಗೆ ಇಣುಕಬಾರದೆಂದು ಮಾವನಿಗೆ ಹೇಳಿಕೊಟ್ಟವರು ನಾವೇ. ಪರೀಕ್ಷೆಯಲ್ಲಿ ಕಾಯಕತತ್ತ್ವದ ಮೇಲೆ ಹತ್ತು ಪುಟ ಬರೆದು ಬಂದು, ಸೈಕಲ್ಲಿನ ಚೈನು ಕಳಚಿದರೆ ಅಂಗಡಿ ಹುಡುಕುವವರು ನಾವು. ಮೆಕ್ಯಾನಿಕ್ಕಿನ ಅನ್ನ ಕಸಿಯುವ ಮಾತು ಇದು ಎಂದು ಗೆಳೆಯನೊಬ್ಬ ಆಕ್ಷೇಪಿಸಿದ. ಅಲ್ಲ. ತಿಳಿದು ಪ್ರಶ್ನೆ ಕೇಳುವ ಗಿರಾಕಿಯಿಂದ ಒಳ್ಳೆಯ ಮೆಕ್ಯಾನಿಕ್ಕಿಗೆ ನಷ್ಟವಿಲ್ಲ. ನಷ್ಟವೇನಿದ್ದರೂ ಪೊಟ್ಟಣ ಮಾರುವವನಿಗೆ. ಓಮನ ನಿಯಮವನ್ನು ಹತ್ತನೆಯ ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದವರೇ. ಅದು ಪುಣಜನೂರಿನ ಏರಿನಲ್ಲಿ ಎಂಟು ಜನರ ಬೆನ್ನ ಮೇಲೆ ಕೂತಿರುತ್ತದೆಂದು ಯಾರೂ ಹೇಳಿರಲಿಲ್ಲ, ಅಷ್ಟೆ. ನಮ್ಮ ಗ್ರಂಥಭಂಡಾರದಲ್ಲಿ ನಿಘಂಟುಗಳ ಪಕ್ಕದಲ್ಲಿ ಒಂದು ಮಲ್ಟಿಮೀಟರನ್ನೂ ಇಟ್ಟು, ಪುಸ್ತಕದಂತೆಯೇ ಸಹಿ ಹಾಕಿಸಿಕೊಂಡು ಎರವಲು ಕೊಡಬೇಕೆಂದು ಪ್ರಿನ್ಸಿಪಾಲರಲ್ಲಿ ನನ್ನ ಬಿನ್ನಹ. ಐನೂರು ರೂಪಾಯಿಯೊಳಗೆ ಸಿಗುತ್ತದೆ.

ಉಳಿದ ಒಂದು ಮೊಳ ಕೇಬಲ್ಲು ನನ್ನ ಹಾಸ್ಟೆಲಿನ ಪೆಟ್ಟಿಗೆಯಲ್ಲಿದೆ. ಅಧ್ಯಾಪಕರಲ್ಲಿ ಯಾರ ಗಾಡಿಯಾದರೂ ಬೆಳಗಿನ ಹೊತ್ತು ಮುಲುಗುತ್ತಿದ್ದರೆ ತಿಳಿಸಬೇಕು, ಮೀಟರು ಎರವಲು ತಂದು ಬರುತ್ತೇನೆ. ಕೇಬಲ್ಲು ಬೇಕೋ ಬೇಡವೋ, ಅಳೆದ ಮೇಲೆ ಹೇಳುತ್ತೇನೆ.