ಆರನೇ ತರಗತಿಯ ಐಚ್ಛಿಕ ಪೀರಿಯಡ್

ಅಮೆರಿಕದ ಹೆಚ್ಚಿನ ಮಿಡ್ಲ್ ಸ್ಕೂಲುಗಳು ಆರನೇ ತರಗತಿಯಿಂದ ಆರಂಭವಾಗುತ್ತವೆ. ಗಣಿತ, ವಿಜ್ಞಾನಗಳ ಜೊತೆಗೆ ಅಲ್ಲಿ ಐಚ್ಛಿಕ ವಿಷಯಗಳೂ ಇರುತ್ತವೆ: ಚಿತ್ರಕಲೆ, ನಾಟಕ, ಅಡುಗೆ, ಮರಗೆಲಸ, ಕೋಡಿಂಗ್, ಬ್ಯಾಂಡ್. ಈ ವಯಸ್ಸು ಹುಡುಕಾಟಕ್ಕೆ ಹೇಳಿಮಾಡಿಸಿದ್ದು ಎಂಬ ವಿಚಾರ ಹಳೆಯದು. 1909ರಲ್ಲಿ ಓಹಾಯೋದ ಕೊಲಂಬಸ್‌ನಲ್ಲಿ ಶುರುವಾದ ಇಂಡಿಯನೋಲಾದಂಥ ಜೂನಿಯರ್ ಹೈಸ್ಕೂಲುಗಳ ಕಾಲದ್ದು.

ಮೊದಲ ವರ್ಷ ಹಲವು ಶಾಲೆಗಳಲ್ಲಿ ‘ಚಕ್ರ’ದ ಪದ್ಧತಿ. ಆರೋ ಒಂಬತ್ತೋ ವಾರಕ್ಕೊಮ್ಮೆ ವಿಷಯ ಬದಲಾಗುತ್ತದೆ, ಮಗು ಎಲ್ಲದರ ರುಚಿ ನೋಡುತ್ತದೆ. ಬ್ಯಾಂಡ್ ಹಾಗಲ್ಲ. ಕ್ಲಾರಿನೆಟ್ಟಿನ ರೀಡಿಗೆ ತುಟಿ ಒಗ್ಗಿ, ಕೀರಲು ನಿಂತು, ಶುದ್ಧ ಸ್ವರ ಹೊರಡಲು ತಿಂಗಳುಗಳೇ ಬೇಕು. ಹಾಗಾಗಿ ಅದು ಸಾಮಾನ್ಯವಾಗಿ ಇಡೀ ವರ್ಷದ ತರಗತಿ. ಸೇರಿದ ಮಗು ಚಕ್ರದಿಂದ ಹೊರಗುಳಿಯುವುದೂ ಉಂಟು. ಹನ್ನೊಂದರ ಎಳೆಯರಿಗೆ ಇದು ಕಷ್ಟದ ಆಯ್ಕೆ.

ಇದಕ್ಕಿಂತ ದೊಡ್ಡ ಅನ್ಯಾಯ ಓದು, ಲೆಕ್ಕದಲ್ಲಿ ಹಿಂದುಳಿದವರಿಗೆ ಆಗುತ್ತಿದೆ. ಹೆಚ್ಚುವರಿ ಪಾಠಕ್ಕೆಂದು ಎಷ್ಟೋ ಕಡೆ ಅವರ ಐಚ್ಛಿಕ ಪೀರಿಯಡ್ಡನ್ನೇ ತೆಗೆದುಕೊಳ್ಳಲಾಗುತ್ತದೆ. ಭಿನ್ನರಾಶಿಯ ಮುಂದೆ ಮಂಕಾಗುವ ಮಗು ಹಲಗೆಯನ್ನು ಅಳೆದು ಕೊಯ್ಯುವಾಗ ಅದೇ ಅರ್ಧ, ಕಾಲು ಇಂಚುಗಳನ್ನು ಸಲೀಸಾಗಿ ಗುರುತಿಸಬಹುದು. ಅಂಥವರಿಗೇ ಆ ಪೀರಿಯಡ್ ಹೆಚ್ಚು ಬೇಕು. ಹೆಚ್ಚುವರಿ ಪಾಠಕ್ಕೆ ಬೇರೆ ವೇಳೆ ಹುಡುಕುವುದು ಶಾಲೆಗಳ ಹೊಣೆ.