ಹಾಡು ಎಲ್ಲರದು, ಕಂಠ ಹಾಡಿದವರದು

ಶ್ರಾವಣ ಮಾಸದ ಪ್ರವಚನವಿರಲಿ, ಜಾತ್ರೆಯಿರಲಿ, ಗೃಹಪ್ರವೇಶವಿರಲಿ, ವಚನಗಾಯನವಿಲ್ಲದೆ ನಮ್ಮ ಸಮಾರಂಭಗಳು ಪೂರ್ಣವಾಗುವುದಿಲ್ಲ. ಗಾಯಕರನ್ನು ನಾವು ಆದರದಿಂದ ಬರಮಾಡಿಕೊಂಡು, ಶಾಲು ಹೊದಿಸಿ, ಫಲಪುಷ್ಪವಿತ್ತು ಸನ್ಮಾನಿಸುತ್ತೇವೆ. ಆದರೆ ಅವರ ಸಂಸಾರ ಹೇಗೆ ಸಾಗುತ್ತಿದೆ, ಅವರ ಹಾಡು ಮುದ್ರಣಗೊಂಡ ಮೇಲೆ ಎಲ್ಲಿಗೆ ಹೋಗಿ ಯಾರಿಗೆ ಹಣ ತರುತ್ತದೆ ಎಂದು ವಿಚಾರಿಸುವವರು ವಿರಳ. ಈ ತಿಂಗಳು ಆ ವಿಚಾರವನ್ನೇ ಕೈಗೆತ್ತಿಕೊಳ್ಳೋಣ.

1902ರಲ್ಲಿ ಗ್ರಾಮಾಫೋನ್ ಕಂಪನಿಯವರು ಕೋಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ತಟ್ಟೆಗಿಳಿಸಿಕೊಂಡರು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಗಳಿಗೆ ಅಡಕಗೊಳಿಸುವ ವಿದ್ಯೆಯನ್ನು ಆಕೆ ಸಾಧಿಸಿದರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಘೋಷಿಸುತ್ತಿದ್ದರು. ದೇಶವೆಲ್ಲ ಕೇಳಿದ ಆ ಕಂಠದ ಒಡತಿ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದರು. ಕೀರ್ತಿಯು ಎಷ್ಟು ದೊಡ್ಡದಾದರೂ ಜೀವನಕ್ಕೆ ಅದೊಂದೇ ಭದ್ರತೆಯಾಗದೆಂಬುದಕ್ಕೆ ಇದೊಂದು ನಿದರ್ಶನ.

1980ರ ದಶಕದಲ್ಲಿ ಕ್ಯಾಸೆಟ್ಟುಗಳು ಭಕ್ತಿಗೀತೆಯನ್ನೂ ವಚನವನ್ನೂ ಹಳ್ಳಿ ಹಳ್ಳಿಗೆ ಮುಟ್ಟಿಸಿದವು. ಇಂದು ಆ ಕಾರ್ಯವನ್ನು ಮೊಬೈಲು ಮಾಡುತ್ತಿದೆ. ಇದರಿಂದಾದ ಉಪಕಾರವನ್ನು ನಾವು ಅಲ್ಲಗಳೆಯಲಾರೆವು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಟ್ಟಿ ಬೆಳೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸ್ವರಸಾಧನೆ ಮಾಡಿ ಬದುಕು ಕಂಡುಕೊಂಡಿದ್ದಾರೆ. ಅಂತಹ ಸಾಧಕನೊಬ್ಬನು ಈಗ ದೊಡ್ಡ ಕಂಪನಿಯ ಬಾಗಿಲು ಕಾಯಬೇಕಿಲ್ಲ. ತನ್ನೂರಿನಲ್ಲಿಯೇ ಹಾಡಿ, ಅಮೆರಿಕದಲ್ಲಿರುವ ಕನ್ನಡಿಗರ ಮನೆಗೂ ತಲುಪಬಹುದು.

ಆದರೆ ತಲುಪುವುದು ಬೇರೆ, ಫಲ ದೊರೆಯುವುದು ಬೇರೆ. ಕ್ಯಾಸೆಟ್ಟು ಮಾರಾಟವಾದರೆ ಅದಕ್ಕೊಂದು ಬೆಲೆಯಿತ್ತು. ಸ್ಪಾಟಿಫೈನಂತಹ ಸೇವೆಗಳಲ್ಲಿ ಒಟ್ಟು ಆದಾಯದ ಒಂದು ಭಾಗವು, ಯಾರ ಹಾಡು ಎಷ್ಟು ಬಾರಿ ಕೇಳಲ್ಪಟ್ಟಿತೆಂಬ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1000 ಬಾರಿಯಾದರೂ ಕೇಳಲ್ಪಡದ ಮುದ್ರಿಕೆಗೆ ಪಾಲಿಲ್ಲವೆಂಬ ನಿಯಮವಿದೆ. ಚಲನಚಿತ್ರಗೀತೆಗಳ ಪ್ರವಾಹದಲ್ಲಿ ವಚನಗಾಯಕನ ಪಾಲಿಗೆ ಉಳಿಯುವುದೆಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಇಲ್ಲಿ ಕಾನೂನು ಕಲಾವಿದನ ಪಕ್ಷದಲ್ಲಿದೆಯೆಂಬುದನ್ನು ಅನೇಕರು ಅರಿಯರು. ಹನ್ನೆರಡನೆಯ ಶತಮಾನದ ವಚನಗಳು ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲರೂ ಹಾಡಬಹುದು. ಆದರೆ ಅದಕ್ಕೆ ಹೊಸದಾಗಿ ರಾಗ ಸಂಯೋಜಿಸಿದವರಿಗೆ ಜೀವಿತಾವಧಿ ಹಾಗೂ ಅನಂತರದ 60 ವರ್ಷಗಳವರೆಗೆ ಆ ಸಂಯೋಜನೆಯ ಮೇಲೆ ಹಕ್ಕುಂಟು. ಹಾಡಿದವರಿಗೂ ತಮ್ಮ ಗಾಯನದ ಮೇಲೆ ಪ್ರತ್ಯೇಕ ಹಕ್ಕುಂಟು. ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಇದನ್ನು ನೀಡಿತು. 2012ರ ತಿದ್ದುಪಡಿ ಇದನ್ನು ಬಲಪಡಿಸಿ, ವಾಣಿಜ್ಯ ಬಳಕೆಯಲ್ಲಿ ಗೌರವಧನದ ಪಾಲನ್ನೂ, ಹಾಡಿದವರೆಂದು ಹೆಸರಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ಗಾಯಕರ ಈ ಪಾಲಿಗಾಗಿ ಶ್ರಮಿಸಲು 2013ರಲ್ಲಿ ಗಾಯಕರದೇ ಸಂಘವೊಂದು ಸ್ಥಾಪನೆಯಾಯಿತು.

ಆದಕಾರಣ ತರುಣ ಗಾಯಕರು ಯಾವ ಕಾಗದಕ್ಕೂ ಓದದೆ ಸಹಿ ಹಾಕಬಾರದು. ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಪರಿಗಣಿಸುತ್ತದೆ. “ಶಾಶ್ವತವಾಗಿ, ವಿಶ್ವದಾದ್ಯಂತ” ಎಂಬ ಮಾತು ಕರಾರಿನಲ್ಲಿದ್ದರೆ ಎಚ್ಚರ ಅಗತ್ಯ. ಓದಲು ಕಣ್ಣಿಲ್ಲದ ಕಲಾವಿದರಿಗೆ ನಂಬಿಗಸ್ತರೊಬ್ಬರು ಅದನ್ನು ಅಕ್ಷರಶಃ ಓದಿ ಹೇಳುವುದು ಸಮಾಜದ ಕರ್ತವ್ಯ.

ಇದೀಗ ಯಂತ್ರಬುದ್ಧಿಯು ಮನುಷ್ಯನ ಧ್ವನಿಯನ್ನೇ ಅನುಕರಿಸತೊಡಗಿದೆ. 2024ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಹೀಗೆ ಬಳಸದಂತೆ ಮಧ್ಯಂತರ ಆಜ್ಞೆ ನೀಡಿತು. ಹೆಸರಾಂತರಿಗೆ ನ್ಯಾಯಾಲಯದ ಬಾಗಿಲು ಹತ್ತಿರ. ಹಳ್ಳಿಯ ಗಾಯಕನಿಗೆ ಅದು ದೂರ. ಅವನ ರಕ್ಷಣೆಗೆ ಮೊದಲು ನಿಲ್ಲಬೇಕಾದವರು ಕೇಳುಗರಾದ ನಾವೇ.

ನಾವು ಮಾಡಬಹುದಾದುದು ಕಷ್ಟದ್ದೇನಲ್ಲ. ಸಮಾರಂಭದ ಗಾಯನವನ್ನು ಮೊಬೈಲಿನಲ್ಲಿ ಹಿಡಿದು ಹಂಚುವ ಮುನ್ನ ಗಾಯಕರ ಒಪ್ಪಿಗೆ ಕೇಳೋಣ. ಹಂಚಿದಾಗ ಹಾಡಿದವರ, ತಬಲಾ-ಹಾರ್ಮೋನಿಯಂ ನುಡಿಸಿದವರ ಹೆಸರನ್ನು ಬರೆಯೋಣ. ಗೌರವಧನವನ್ನು ಮೊದಲೇ ನಿಶ್ಚಯಿಸಿ, ಅಂದೇ ಕೊಡೋಣ. ಮಂಟಪಕ್ಕೂ ಭೋಜನಕ್ಕೂ ಲೆಕ್ಕವಿಡುವ ನಾವು ಹಾಡುಗಾರನಿಗೆ ಮಾತ್ರ “ಸೇವೆಯೆಂದು ತಿಳಿಯಿರಿ” ಎನ್ನುವುದು ತರವಲ್ಲ. ಗಾಯನವೂ ಒಂದು ಕಾಯಕ. ಕಾಯಕಕ್ಕೆ ತಕ್ಕ ಪ್ರತಿಫಲವನ್ನು ತಡೆದು ನಾವು ಕಾಯಕದ ಮಹಿಮೆಯನ್ನು ಕೊಂಡಾಡಿದರೆ ಆ ಮಾತಿಗೆ ಬೆಲೆಯೆಲ್ಲಿ? ಬರುವ ಸಮಾರಂಭದಿಂದಲೇ ಈ ನಡೆಯನ್ನು ನಮ್ಮ ಮನೆಗಳು ರೂಢಿಸಿಕೊಳ್ಳಲಿ.